ಮಂಡೇಲಾ ‘ತಾತಾ’, ಜುಲು ‘ಮಲುಮೆ’, ನಮ್ಮ ‘ಮಾಮ’: ಆಫ್ರಿಕಾದ ಭಾಷೆಗಳು ಹುಟ್ಟಿದ್ದು ಕನ್ನಡದಿಂದಲೇ?

“ದಕ್ಷಿಣ ಆಫ್ರಿಕಾದ ಜನ ನೆಲ್ಸನ್ ಮಂಡೇಲಾರನ್ನು ‘ತಾತಾ’ ಎಂದು ಕರೆಯುತ್ತಿದ್ದರು. ನಾವೂ ಹಿರಿಯರನ್ನು ತಾತ ಎನ್ನುತ್ತೇವೆ. ಸ್ವಾಹಿಲಿಯಲ್ಲಿ ಮಾಮಾ ಇದೆ, ಬಾಬಾ ಇದೆ. ಜುಲು ಭಾಷೆಯಲ್ಲಿ ಸೋದರಮಾವ ಅಂದರೆ ‘ಮಲುಮೆ’, ಅದೇ ನಮ್ಮ ಮಾಮ! ಆಫ್ರಿಕನ್ ಭಾಷೆ ಹುಟ್ಟಿದ್ದು ಕನ್ನಡದಿಂದಲೇ. ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ.”

ಇಂಥದ್ದೊಂದು ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಒಮ್ಮೊಮ್ಮೆ ಕನ್ನಡದ ಜಾಗದಲ್ಲಿ ತಮಿಳು ಇರುತ್ತದೆ, ಇನ್ನೊಮ್ಮೆ ಸಂಸ್ಕೃತ. ನಮ್ಮ ಕುಟುಂಬದ ಗ್ರೂಪಿಗೆ ಇದನ್ನು ಕಳಿಸಿದ್ದು ನನ್ನ ಸೋದರಮಾವ. ಹಾಗಾಗಿ ತಕ್ಷಣ “ಸುಳ್ಳು” ಎಂದು ಬರೆಯುವ ಧೈರ್ಯ ಬರಲಿಲ್ಲ. ಹುಡುಕಿ ನೋಡಿದ ಮೇಲೆ, ಹಾಗೆ ಬರೆಯದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಯಾಕೆಂದರೆ ಈ ಮೆಸೇಜಿನಲ್ಲಿರುವ ಪದಗಳೆಲ್ಲ ನಿಜ. ಮಂಡೇಲಾ ಅವರ ಮಾತೃಭಾಷೆ ಖೋಸಾದಲ್ಲಿ ತಾತಾ ಅಂದರೆ ಅಪ್ಪ. ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ, ಬಾಬಾ ಅಂದರೆ ಅಪ್ಪ. ಜುಲು ಜನ ತಾಯಿಯ ಅಣ್ಣತಮ್ಮಂದಿರನ್ನು ಮಲುಮೆ ಅನ್ನುವುದೂ ಸತ್ಯ. ತಪ್ಪಿರುವುದು ಕೊನೆಯ ಸಾಲಿನಲ್ಲಿ. ಪೂರ್ತಿ ಸುಳ್ಳಿರುವ ಫಾರ್ವರ್ಡ್‌ಗಿಂತ ಇಂಥದ್ದನ್ನು ಹಿಡಿಯುವುದು ಕಷ್ಟ. ಗೂಗಲ್‌ನಲ್ಲಿ ಒಂದೊಂದೇ ಪದ ಹಾಕಿ ನೋಡಿದರೆ ಎಲ್ಲವೂ ಸರಿ ಅಂತಲೇ ತೋರಿಸುತ್ತದೆ.

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ‘ಆಫ್ರಿಕನ್ ಭಾಷೆ’ ಎಂಬ ಒಂದು ಭಾಷೆ ಎಲ್ಲೂ ಇಲ್ಲ. ಆ ಖಂಡದಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳಿವೆ, ಹಲವು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಮೆಸೇಜಿನಲ್ಲಿ ಬಂದಿರುವ ಸ್ವಾಹಿಲಿ, ಜುಲು, ಖೋಸಾ ಮೂರೂ ‘ಬಾಂಟು’ ಎಂಬ ಕುಟುಂಬದವು. ಈ ಒಂದು ಕುಟುಂಬದಲ್ಲೇ ಸುಮಾರು 500 ಭಾಷೆಗಳಿವೆ. ಕ್ಯಾಮರೂನ್‌ನಿಂದ ಕೀನ್ಯಾದವರೆಗೆ, ಅಲ್ಲಿಂದ ಕೆಳಗೆ ದಕ್ಷಿಣ ಆಫ್ರಿಕಾದ ತುದಿಯವರೆಗೆ ಇವು ಹರಡಿವೆ. ಇವುಗಳ ಮೂಲನೆಲೆ ಇಂದಿನ ನೈಜೀರಿಯಾ–ಕ್ಯಾಮರೂನ್ ಗಡಿಯ ಆಸುಪಾಸು. ಅಲ್ಲಿಂದ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಜನ ಗುಂಪುಗುಂಪಾಗಿ ಪೂರ್ವಕ್ಕೂ ದಕ್ಷಿಣಕ್ಕೂ ಸರಿಯುತ್ತಾ ಹೋದರು ಎಂಬುದು ವಿದ್ವಾಂಸರು ಒಪ್ಪಿರುವ ಮಾತು.

‘ಬಾಂಟು’ ಎಂಬ ಹೆಸರು ಕೊಟ್ಟವನು 19ನೇ ಶತಮಾನದಲ್ಲಿ ಕೇಪ್‌ಟೌನ್‌ನಲ್ಲಿ ಕೆಲಸ ಮಾಡಿದ ಜರ್ಮನ್ ಭಾಷಾವಿದ ವಿಲ್ಹೆಲ್ಮ್ ಬ್ಲೀಕ್. ಈ ಭಾಷೆಗಳಲ್ಲಿ ‘ಜನ’ ಎಂಬ ಅರ್ಥದ ಪದವನ್ನೇ ಹೆಸರಾಗಿ ಇಟ್ಟ. ಜುಲುವಿನಲ್ಲಿ ಅಬಾಂಟು ಅಂದರೆ ಜನ, ಉಮುಂಟು ಅಂದರೆ ಒಬ್ಬ ಮನುಷ್ಯ. ಒಂದು ಎಚ್ಚರಿಕೆ: ವರ್ಣಭೇದದ ಸರ್ಕಾರ ಇದೇ ಪದವನ್ನು ಕರಿಯ ಜನರಿಗೆ ಅಂಟಿಸಿತ್ತು. ಅವರ ಮಕ್ಕಳಿಗೆ ಕೀಳು ದರ್ಜೆಯ ಶಿಕ್ಷಣ ಕೊಟ್ಟ 1953ರ ಕಾಯ್ದೆಯ ಹೆಸರಿನಲ್ಲೂ ಅದಿತ್ತು. ಆದ್ದರಿಂದ ದಕ್ಷಿಣ ಆಫ್ರಿಕಾದಲ್ಲಿ ವ್ಯಕ್ತಿಯೊಬ್ಬರನ್ನು ‘ಬಾಂಟು’ ಎಂದರೆ ಬೈದಂತೆ. ಭಾಷೆಗಳ ಬಗ್ಗೆ ಹೇಳುವಾಗ ತೊಂದರೆಯಿಲ್ಲ.

ಮಾಮಾ, ಬಾಬಾ, ತಾತಾ: ಇವು ಮಗುವಿನ ಬಾಯಿಯ ಪದಗಳು

ಭಾಷೆಗಳ ನಂಟು ಹುಡುಕುವವರು ಮೊದಲು ಪಕ್ಕಕ್ಕಿಡುವುದೇ ಅಪ್ಪ–ಅಮ್ಮನ ಪದಗಳನ್ನು. ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಅಮ್ಮ ಅನ್ನುವುದಕ್ಕಿಂತ ಹಳೆಯ ಪದ ಯಾವುದಿದ್ದೀತು?

ಆರೇಳು ತಿಂಗಳ ಮಗುವನ್ನು ಗಮನಿಸಿ. ಅದು ಮಾಡುವ ಸದ್ದುಗಳು ಮಮಮ, ಬಬಬ, ಪಪಪ, ತತತ, ದದದ. ತುಟಿ ಮುಚ್ಚಿ ತೆರೆದರೆ ಮ, ಬ, ಪ. ನಾಲಿಗೆ ತುದಿ ಹಲ್ಲಿಗೆ ತಾಗಿಸಿದರೆ ತ, ದ. ಳ, ಷ, ಱ ಇವೆಲ್ಲ ಬರಲು ತುಂಬಾ ದಿನ ಬೇಕು. ಮಗು ಬೆಂಗಳೂರಿನದಿರಲಿ, ನೈರೋಬಿಯದಿರಲಿ, ಬಾಯಿಯ ರಚನೆ ಒಂದೇ. ಪಕ್ಕದಲ್ಲಿ ಕೂತ ಅಮ್ಮ “ನನ್ನನ್ನೇ ಕರೀತಿದೆ” ಅನ್ನುತ್ತಾಳೆ, ಅಪ್ಪ “ಇಲ್ಲ, ನನ್ನನ್ನು” ಅನ್ನುತ್ತಾನೆ. ಮಗುವಿಗೆ ಪಾಪ ಆ ಹೊತ್ತಿಗೆ ಯಾರನ್ನೂ ಕರೆಯುವ ಉದ್ದೇಶ ಇರುವುದಿಲ್ಲ. ದೊಡ್ಡವರು ಆ ಸದ್ದಿಗೆ ಅರ್ಥ ಕೊಟ್ಟು ಪದ ಮಾಡುತ್ತಾರೆ.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 1959ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಪ್ರಪಂಚದ ನೂರಾರು ಭಾಷೆಗಳಿಂದ ತಂದೆ–ತಾಯಿಯ ಪದಗಳನ್ನು ಕಲೆಹಾಕಿದರು. ಒಟ್ಟು 1,072 ಪದಗಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಅವೇ ಸದ್ದುಗಳು ಮತ್ತೆ ಮತ್ತೆ ಬರುತ್ತಿದ್ದವು. ತಾಯಿಯ ಪದಗಳಲ್ಲಿ ಮ, ನ ಹೆಚ್ಚು. ತಂದೆಯ ಪದಗಳಲ್ಲಿ ಪ, ಬ, ತ, ದ ಹೆಚ್ಚು. ಯಾಕೆ ಹೀಗೆ ಎಂದು ವಿವರಿಸಿದವರು ರಷ್ಯಾ ಮೂಲದ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್. ಹಾಲು ಕುಡಿಯುವಾಗ ಮಗುವಿನ ಬಾಯಿ ಮುಚ್ಚಿರುತ್ತದೆ, ಆಗ ಹೊರಡಬಲ್ಲದ್ದು ಮೂಗಿನಿಂದ ಬರುವ ‘ಮ್ಮ್’ ಒಂದೇ. ಮುಂದೆ ಹಸಿವಾದಾಗಲೂ ಅದೇ ಸದ್ದು, ಹಾಲು ಕೊಡುವವಳಿಗೂ ಅದೇ ಹೆಸರು. ಇದು ಯಾಕಬ್ಸನ್ ಅವರ ವಾದ.

ಆದರೂ ಇದು ಕಲ್ಲಿನ ಮೇಲೆ ಬರೆದ ನಿಯಮವಲ್ಲ. ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಅಂದರೆ ಅಪ್ಪ, ‘ದೇದಾ’ ಅಂದರೆ ಅಮ್ಮ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಗ್ರೂಪಿನಲ್ಲಿ ತುಳು ಬಲ್ಲವರಿದ್ದರೆ ಕೇಳಿ ನೋಡಿ. ತುಳುವಿನಲ್ಲಿ ‘ಅಪ್ಪೆ’ ಅಂದರೆ ತಾಯಿ, ‘ಅಮ್ಮೆ’ ಅಂದರೆ ತಂದೆ! ತುಳು ಮತ್ತು ಕನ್ನಡ ಒಂದೇ ದ್ರಾವಿಡ ಕುಟುಂಬದವು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅಪ್ಪ–ಅಮ್ಮ ಅದಲುಬದಲು. ಅತ್ತ ಸ್ವಾಹಿಲಿಗೂ ಕನ್ನಡಕ್ಕೂ ಯಾವ ನಂಟೂ ಇಲ್ಲದಿದ್ದರೂ ‘ಮಾಮಾ’ ಎಂಬ ಸದ್ದು ಎರಡರಲ್ಲೂ ಇದೆ, ಅಲ್ಲಿ ಅಮ್ಮನಿಗೆ, ಇಲ್ಲಿ ಅಮ್ಮನ ತಮ್ಮನಿಗೆ. ತಾತನ ಕಥೆಯೂ ಅಷ್ಟೇ: ಖೋಸಾದಲ್ಲಿ ಅಪ್ಪ, ನಮ್ಮಲ್ಲಿ ಅಜ್ಜ.

ಹಾಗಾದರೆ ನಿಜವಾದ ನಂಟು ಹೇಗಿರುತ್ತದೆ?

ಬಾಂಟು ಭಾಷೆಗಳು ಒಂದೇ ಕುಟುಂಬ ಎಂದು ಹೇಳಲು ಏನು ಆಧಾರ? ಅಲ್ಲೂ ಮನೆಮಂದಿಯ ಒಂದು ಪದವೇ ಸಿಗುತ್ತದೆ, ಆದರೆ ಅದು ಬೇರೆ ಜಾತಿಯದು.

ಮಗು ಎನ್ನಲು ಸ್ವಾಹಿಲಿಯಲ್ಲಿ ‘ಮ್ವಾನ’. ಜಿಂಬಾಬ್ವೆಯ ಶೋನಾದಲ್ಲಿ ಮ್ವಾನ, ಮಲಾವಿಯ ಚೆವಾದಲ್ಲಿ ಮ್ವಾನ, ಕಾಂಗೋದ ಲಿಂಗಾಲಾದಲ್ಲಿ ಮ್ವಾನ. ಉಗಾಂಡಾದ ಲುಗಾಂಡಾದಲ್ಲಿ ಒಮ್ವಾನ, ರ್ವಾಂಡಾದಲ್ಲಿ ಉಮ್ವಾನ, ಕ್ಯಾಮರೂನ್‌ನ ದುವಾಲಾದಲ್ಲಿ ಮುನ, ಬೋಟ್ಸ್ವಾನಾದ ತ್ಸ್ವಾನದಲ್ಲಿ ಙ್ವಾನ. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಒಂದೇ ಪದ. “ಇದೂ ಹಾಗೇ ತಾನೇ, ಕೇಳಲು ಒಂದೇ ಥರ ಇದೆ ಅಷ್ಟೇ” ಎಂದು ನೀವು ಕೇಳಬಹುದು. ಬರೀ ಸದ್ದು ಹೊಂದಿದ್ದರೆ ಆ ಪ್ರಶ್ನೆ ಸರಿಯಾದದ್ದೇ. ಇಲ್ಲಿ ಹೊಂದುತ್ತಿರುವುದು ಪದದ ಹಿಂದಿರುವ ಯಂತ್ರ.

ಕನ್ನಡದಲ್ಲಿ ಬಹುವಚನ ಮಾಡಲು ಪದದ ಬಾಲ ಬದಲಿಸುತ್ತೇವೆ: ಮರ, ಮರಗಳು. ಬಾಂಟು ಭಾಷೆಗಳಲ್ಲಿ ಬದಲಾಗುವುದು ತಲೆ. ಲಿಂಗಾಲಾದಲ್ಲಿ ಒಂದು ಮಗು ಮ್ವಾನ, ಹಲವು ಮಕ್ಕಳು ಬಾನ. ತ್ಸ್ವಾನದಲ್ಲಿ ಬಾನ, ರ್ವಾಂಡಾದಲ್ಲಿ ಅಬಾನ, ಶೋನಾದಲ್ಲಿ ವಾನ, ಚೆವಾದಲ್ಲಿ ಬರೀ ಆನ. ಅಂದರೆ ಮೂಲಧಾತು ‘ಆನ’. ಅದರ ಮುಂದೆ ‘ಮು’ ಬಂದರೆ ಒಬ್ಬ, ‘ಬ’ ಬಂದರೆ ಹಲವರು. ‘ಉಮುಂಟು’ ಮತ್ತು ‘ಅಬಾಂಟು’ ಪದಗಳಲ್ಲಿ ನೋಡಿದ್ದೂ ಇದೇ ಮು, ಇದೇ ಬ. ಮನುಷ್ಯರನ್ನು ಹೇಳುವ ಪದಗಳೆಲ್ಲ ಸಾಮಾನ್ಯವಾಗಿ ಈ ಜೋಡಿಯಲ್ಲೇ ಓಡುತ್ತವೆ. ಇಂಥ ವ್ಯವಸ್ಥೆ ನೂರಾರು ಭಾಷೆಗಳಲ್ಲಿ ಆಕಸ್ಮಿಕವಾಗಿ ಹುಟ್ಟುವುದಿಲ್ಲ. ಕನ್ನಡದಲ್ಲಾಗಲಿ, ಯಾವುದೇ ದ್ರಾವಿಡ ಭಾಷೆಯಲ್ಲಾಗಲಿ ಇದರ ಸುಳಿವೂ ಇಲ್ಲ.

ಇನ್ನೊಂದು ಪುರಾವೆ ಸದ್ದುಗಳ ಲೆಕ್ಕಾಚಾರ. ನಮಗೆ ಗೊತ್ತಿರುವ ಉದಾಹರಣೆಯಿಂದಲೇ ಶುರು ಮಾಡೋಣ. ತಮಿಳಿನಲ್ಲಿ ಪಾಲ್, ಕನ್ನಡದಲ್ಲಿ ಹಾಲು. ಅಲ್ಲಿ ಪುಲಿ, ಇಲ್ಲಿ ಹುಲಿ. ಅಲ್ಲಿ ಪಲ್, ಇಲ್ಲಿ ಹಲ್ಲು. ಅಲ್ಲಿ ಪೂ, ಇಲ್ಲಿ ಹೂ. ಹಳಗನ್ನಡದಲ್ಲಿ ನಮ್ಮದೂ ಪ ಆಗಿತ್ತು, ಆಮೇಲೆ ಹ ಆಯಿತು. ಒಂದು ಪದದಲ್ಲಿ ಹೀಗಾದರೆ ಆಕಸ್ಮಿಕ, ಪದದ ಮೇಲೆ ಪದ ಹೀಗೇ ಆದರೆ ಒಂದೇ ಬೇರು. ಗಮನಿಸಿ, ಇಲ್ಲಿ ಸದ್ದುಗಳು ಒಂದೇ ಆಗಿಲ್ಲ, ಬೇರೆಯಾಗಿವೆ. ಆದರೆ ಲೆಕ್ಕವಿಟ್ಟಂತೆ ಒಂದೇ ರೀತಿ ಬೇರೆಯಾಗಿವೆ. ಭಾಷಾವಿಜ್ಞಾನಿಗಳು ನಂಬುವುದು ಇದನ್ನೇ.

ಬಾಂಟುವಿನಲ್ಲಿ ನೋಡಿ. ‘ಮೂರು’ ಎನ್ನಲು ಸ್ವಾಹಿಲಿಯಲ್ಲಿ ತಾತು, ತ್ಸ್ವಾನದಲ್ಲಿ ರಾರೊ. ‘ಕಳಿಸು’ ಎನ್ನಲು ಸ್ವಾಹಿಲಿಯಲ್ಲಿ ತುಮಾ, ತ್ಸ್ವಾನದಲ್ಲಿ ರೊಮಾ. ತ ಇದ್ದ ಕಡೆ ರ. ಜುಲುವಿನಲ್ಲಿ ‘ಮಲಗು’ ಲಾಲಾ, ಶೋನಾದಲ್ಲಿ ರಾರಾ. ಜುಲುವಿನಲ್ಲಿ ‘ಎರಡು’ ಬಿಲಿ, ಶೋನಾದಲ್ಲಿ ವಿರಿ. ಲ ಇದ್ದ ಕಡೆ ರ. ಜರ್ಮನಿಯ ಕಾರ್ಲ್ ಮೈನ್‌ಹಾಫ್ 1899ರಲ್ಲೇ ಇಂಥ ಜೋಡಿಗಳನ್ನು ಹೊಂದಿಸಿ ಮೂಲ ಬಾಂಟುವಿನ ಧ್ವನಿಗಳು ಹೇಗಿದ್ದಿರಬೇಕು ಎಂದು ಪುಸ್ತಕ ಬರೆದರು. ಆಮೇಲೆ ಬ್ರಿಟನ್ನಿನ ಮಾಲ್ಕಮ್ ಗತ್ರಿ 1967ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದೇ ಕೆಲಸವನ್ನು ಬೆಳೆಸಿದರು. “ಕೇಳಲು ಒಂದೇ ಥರ” ಎಂಬಲ್ಲಿಗೆ ನಿಲ್ಲದೆ ಇಷ್ಟೆಲ್ಲ ಮಾಡಬೇಕಾಗುತ್ತದೆ.

ಮಲುಮೆ ಅಂದರೆ ‘ಗಂಡು ಅಮ್ಮ’

ಈಗ ಮಾವನ ಮೆಸೇಜಿನ ಮುಖ್ಯ ಪದಕ್ಕೆ ಬರೋಣ. ಮಲುಮೆಯಲ್ಲಿ ‘ಮಾಮ’ ಕೇಳಿಸುತ್ತದೆ, ನಿಜ. ಆದರೆ ಆ ಪದವನ್ನು ಬಿಡಿಸಿ ನೋಡಿದರೆ ಸಿಗುವುದು ಇನ್ನೂ ಸ್ವಾರಸ್ಯವಾಗಿದೆ.

ಅದರಲ್ಲಿ ಎರಡು ತುಂಡುಗಳಿವೆ: ‘ಮ’ ಮತ್ತು ‘ಲುಮೆ’. ಮ ಅಂದರೆ ತಾಯಿ. ಲುಮೆ ಅಂದರೆ ಗಂಡು. ಮಲುಮೆ ಅಂದರೆ ‘ಗಂಡು ತಾಯಿ’. ಲುಮೆ ಎಂಬ ಧಾತು ಬಾಂಟು ನಾಡಿನ ಉದ್ದಗಲಕ್ಕೂ ಇದೆ. ಜಾಂಬಿಯಾದ ಬೆಂಬಾ ಭಾಷೆಯಲ್ಲಿ ಗಂಡ ಅಂದರೆ ಉಮುಲುಮೆ. ಶೋನಾದಲ್ಲಿ ಗಂಡಸು ಮುರುಮೆ (ಮತ್ತೆ ಲ ಇದ್ದ ಕಡೆ ರ!). ಕೀನ್ಯಾದ ಕಿಕುಯುವಿನಲ್ಲೂ ಮುರುಮೆ ಥರವೇ. ಸ್ವಾಹಿಲಿಯಲ್ಲಿ ನಡುವಿನ ಸದ್ದು ಕರಗಿ ‘ಮುಮೆ’ ಆಗಿದೆ, ಅರ್ಥ ಗಂಡ. ಎಲ್ಲದರ ಮುಂದೆ ಇರುವ ‘ಮು’ ಮೇಲೆ ಹೇಳಿದ ಅದೇ ಏಕವಚನದ ಮು. ಇವತ್ತಿನ ಜುಲುವಿನಲ್ಲಿ ಗಂಡಸು ಎನ್ನಲು ಸಾಮಾನ್ಯವಾಗಿ ಬಳಸುವ ಪದ ‘ಇಂದೊಡ’, ಬೇರೆಯೇ. ಹಳೆಯ ಲುಮೆ ಸೋದರಮಾವನ ಹೆಸರಿನೊಳಗೆ ಅಡಗಿ ಉಳಿದುಕೊಂಡಿದೆ. ನಮ್ಮ ಹೆಬ್ಬೆರಳು, ಹೆಬ್ಬಾಗಿಲು, ಹೆದ್ದಾರಿಗಳಲ್ಲಿ ‘ಪಿರಿದು’ ಎಂಬ ಹಳೆಯ ಪದ ಮುದುಡಿ ಕೂತಿಲ್ಲವೇ, ಹಾಗೆ.

ಜುಲು, ಖೋಸಾ, ಸ್ವಾಜಿ, ತ್ಸೋಂಗಾ, ವೆಂಡಾ, ಮಲಾವಿಯ ಚೆವಾ ಇವುಗಳಲ್ಲೆಲ್ಲ ಮಲುಮೆ. ಸೋಥೊ, ತ್ಸ್ವಾನಗಳಲ್ಲಿ ಮಲೊಮೆ. ಎಲ್ಲ ಬಾಂಟು ಭಾಷೆಗಳಲ್ಲೂ ಇದೆ ಅಂದುಕೊಳ್ಳಬೇಡಿ: ಸ್ವಾಹಿಲಿಯಲ್ಲಿ ಸೋದರಮಾವ ‘ಮ್ಜೊಂಬಾ’, ಶೋನಾದಲ್ಲಿ ಅಜ್ಜನಿಗೂ ಅವನಿಗೂ ಒಂದೇ ಪದ, ‘ಸೆಕುರು’.

ತಾಯಿಯ ತಮ್ಮ ಗಂಡು ತಾಯಿ ಆದರೆ ತಂದೆಯ ತಂಗಿ? ಹೌದು, ಹೆಣ್ಣು ತಂದೆ! ಜುಲುವಿನಲ್ಲಿ ಅಪ್ಪ ‘ಉಬಾಬಾ’, ಸೋದರತ್ತೆ ‘ಉಬಾಬೆಕಾಜಿ’. ಆ ‘ಕಾಜಿ’ ಹೆಣ್ಣನ್ನು ಸೂಚಿಸುವ ಪ್ರತ್ಯಯ. ತ್ಸ್ವಾನದಲ್ಲಿ ಸೋದರತ್ತೆಗೆ ‘ರಾಖಾದಿ’, ಅಲ್ಲೂ ‘ರಾ’ ಅಂದರೆ ಅಪ್ಪ. ಈಗ ಅಲ್ಲೂ ಇಂಗ್ಲಿಷಿನ ಪ್ರಭಾವದಿಂದ ‘ಆಂಟಿ’ ಬಂದು ಕೂತಿದೆ. ನಮ್ಮ ಕಥೆಯೂ ಅದೇ.

ಈ ಹೆಸರು ಬರೀ ಅಲಂಕಾರಕ್ಕಲ್ಲ. ಸ್ವಿಸ್ ಮಿಷನರಿ ಹೆನ್ರಿ ಜುನೋ ಮೊಜಾಂಬಿಕ್ ಸುತ್ತಮುತ್ತ ವರ್ಷಗಟ್ಟಲೆ ಇದ್ದು ತ್ಸೋಂಗಾ ಜನರ ಬಗ್ಗೆ 1912–13ರಲ್ಲಿ ದೊಡ್ಡ ಪುಸ್ತಕ ಬರೆದರು. ಅವರು ಕಂಡದ್ದು: ಅಪ್ಪನ ಮುಂದೆ ಮಗ ತಲೆ ತಗ್ಗಿಸಿ ನಿಲ್ಲುತ್ತಾನೆ, ಸೋದರಮಾವನ ಮನೆಗೆ ಹೋದರೆ ಹೇಳಕೇಳುವವರಿಲ್ಲ. ಮಾವನಿಗೆಂದು ಎತ್ತಿಟ್ಟ ಊಟವನ್ನೇ ತಿಂದುಬಿಡಬಹುದು. ಮಾವ ಹಿರಿಯರಿಗೆ ಬಲಿ ಕೊಡುವಾಗ ಸೋದರಳಿಯ ಅದರ ಪಾಲನ್ನು ಕದ್ದು ಓಡಬಹುದು. ಯಾರೂ ಬೈಯುವುದಿಲ್ಲ, ಅದು ಅವನ ಹಕ್ಕು. ಅಳಿಯ ಕಾಯಿಲೆ ಬಿದ್ದರೆ ಅವನ ಪರವಾಗಿ ಬಲಿ ಕೊಡುವುದೂ ಮಾವನೇ. ಹಿಂದೆಂದೋ ಇವರಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುತ್ತಿದ್ದರು, ಅದರ ಪಳೆಯುಳಿಕೆ ಇದು ಎಂದು ಜುನೋ ಊಹಿಸಿದರು.

ಆಗ ಕೇಪ್‌ಟೌನ್‌ನಲ್ಲಿ ಪ್ರೊಫೆಸರ್ ಆಗಿದ್ದ ಮಾನವಶಾಸ್ತ್ರಜ್ಞ ರ್ಯಾಡ್‌ಕ್ಲಿಫ್–ಬ್ರೌನ್ ಇದನ್ನು ಒಪ್ಪಲಿಲ್ಲ. 1924ರಲ್ಲಿ ಅವರು ಬರೆದ ಲೇಖನ ಇವತ್ತಿಗೂ ಮಾನವಶಾಸ್ತ್ರದ ವಿದ್ಯಾರ್ಥಿಗಳ ಪಾಠದಲ್ಲಿದೆ. ಅವರ ಉತ್ತರಕ್ಕೆ ಹಿಂದಿನ ಇತಿಹಾಸ ಊಹಿಸುವ ಅಗತ್ಯವೇ ಇರಲಿಲ್ಲ, ಪದವೇ ಹೇಳುತ್ತಿತ್ತು. ಅಮ್ಮನ ಮೇಲಿನ ಸಲಿಗೆ ಅಮ್ಮನ ಕಡೆಯವರಿಗೆಲ್ಲ ಹರಡುತ್ತದೆ. ಅವಳ ತಮ್ಮ ಗಂಡಾದರೂ ಅಮ್ಮನ ಥರ. ಅಪ್ಪನ ಮೇಲಿನ ಭಯಭಕ್ತಿ ಅಪ್ಪನ ಕಡೆಗೆ ಹರಡುತ್ತದೆ. ಅವನ ತಂಗಿ ಹೆಣ್ಣಾದರೂ ಅಪ್ಪನ ಥರ. ಈ ವಾದದಲ್ಲಿ ಎಲ್ಲವೂ ಸರಿಯಿಲ್ಲ ಎಂದು ಮುಂದಿನವರು ತಿದ್ದಿದ್ದಾರೆ. ಆದರೂ ಪದದ ಬೆಸುಗೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ನನಗೆ ಇಷ್ಟ.

ಮಲಾವಿಗೆ ಹೋದರೆ ಅದೇ ಪದ, ಕೆಲಸ ಬೇರೆ. ಚೆವಾ ಜನರಲ್ಲಿ ವಂಶ ಇಂದಿಗೂ ತಾಯಿಯ ಕಡೆಯಿಂದ. ಅಲ್ಲಿ ಮಲುಮೆ ತನ್ನ ಅಕ್ಕತಂಗಿಯರು ಮತ್ತು ಅವರ ಮಕ್ಕಳ ಜವಾಬ್ದಾರಿ ಹೊತ್ತ ಯಜಮಾನ. ಮದುವೆಯ ಮಾತುಕತೆ, ಜಗಳದ ಪಂಚಾಯಿತಿ ಎಲ್ಲದಕ್ಕೂ ಅವನೇ ಮುಂದೆ. ಅಲ್ಲಿ ಅವನ ಊಟ ಕದ್ದರೆ ಏನಾಗುತ್ತದೋ! ದಕ್ಷಿಣ ಕನ್ನಡದ ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಬೆಳೆದವರಿಗೆ ಈ ಚಿತ್ರ ತಕ್ಷಣ ಅರ್ಥವಾದೀತು. ತುಳುವಿನಲ್ಲಿ ಸೋದರಮಾವನಿಗೆ ‘ತಮ್ಮಲೆ’ ಎನ್ನುತ್ತಾರೆ. ಮಲುಮೆ, ತಮ್ಮಲೆ... ನೋಡಿದಿರಾ? ಬೇಕೆಂದರೆ ಇನ್ನೊಂದು ಫಾರ್ವರ್ಡ್ ತಯಾರು ಮಾಡಲು ನನಗೆ ಅರ್ಧ ನಿಮಿಷ ಸಾಕು. ಈ ಎರಡರ ನಡುವೆ ಯಾವ ಸಂಬಂಧವೂ ಇಲ್ಲ.

ಚಿಕ್ಕಪ್ಪ–ದೊಡ್ಡಮ್ಮ ಅಲ್ಲೂ ಇದ್ದಾರಲ್ಲ?

ಇದೊಂದು ನಿಜವಾಗಿಯೂ ಕಷ್ಟದ ಪ್ರಶ್ನೆ. ಫಾರ್ವರ್ಡ್ ಬರೆದವರಿಗೆ ಇದು ಗೊತ್ತಿದ್ದಿದ್ದರೆ ಖಂಡಿತ ಸೇರಿಸುತ್ತಿದ್ದರು. ಸ್ವಾಹಿಲಿಯಲ್ಲಿ ಅಪ್ಪನ ತಮ್ಮನಿಗೆ ‘ಬಾಬಾ ಮ್ಡೊಗೊ’, ಅಕ್ಷರಶಃ ಚಿಕ್ಕ ಅಪ್ಪ. ಅಮ್ಮನ ಅಕ್ಕನಿಗೆ ‘ಮಾಮಾ ಮ್ಕುಬ್ವಾ’, ದೊಡ್ಡ ಅಮ್ಮ. ಇಂಗ್ಲಿಷಿನಲ್ಲಿ ಇಬ್ಬರೂ ಬರೀ ಅಂಕಲ್, ಆಂಟಿ. ಕನ್ನಡಕ್ಕೂ ಸ್ವಾಹಿಲಿಗೂ ಇಷ್ಟು ನಿಖರವಾಗಿ ಹೊಂದಿದೆಯಲ್ಲ!

ಈ ಹೊಂದಾಣಿಕೆ ನೋಡಿ ದಾರಿ ತಪ್ಪಿದವರಲ್ಲಿ ದೊಡ್ಡ ವಿದ್ವಾಂಸರೇ ಇದ್ದಾರೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ವೃತ್ತಿಯಿಂದ ವಕೀಲ. ನ್ಯೂಯಾರ್ಕ್ ಪ್ರಾಂತ್ಯದ ಸೆನೆಕಾ ಎಂಬ ಮೂಲನಿವಾಸಿಗಳು ಅಪ್ಪನ ತಮ್ಮನನ್ನೂ ಅಪ್ಪ ಎನ್ನುತ್ತಾರೆ, ಅಮ್ಮನ ತಂಗಿಯನ್ನೂ ಅಮ್ಮ ಎನ್ನುತ್ತಾರೆ, ಸೋದರಮಾವನಿಗೆ ಮಾತ್ರ ಬೇರೆ ಪದ ಎಂಬುದನ್ನು ಅವರು ಗಮನಿಸಿದ್ದರು. ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ್ದ ಮಿಷನರಿಯೊಬ್ಬರಿಂದ 1859ರಲ್ಲಿ ತಮಿಳಿನ ಸಂಬಂಧವಾಚಕಗಳು ತಿಳಿದಾಗ ಬೆರಗಾದರು: ಅದೇ ಲೆಕ್ಕ! 1871ರಲ್ಲಿ ಅವರ ಬೃಹತ್ ಗ್ರಂಥ ಬಂತು. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರು ಎಂಬುದಕ್ಕೆ ಈ ಸಂಬಂಧಗಳ ಹೋಲಿಕೆಯೇ ಸಾಕ್ಷಿ ಎಂದು ಅದರಲ್ಲಿ ವಾದಿಸಿದರು. ಅವರ ಪೂರ್ವಜರು ಏಷ್ಯಾದಿಂದ ದಾಟಿದ್ದು ಹೌದು, ಆದರೆ ಅದು ಹತ್ತು ಸಾವಿರ ವರ್ಷಗಳಿಗಿಂತ ಹಿಂದೆ, ಬೇರೆ ದಾರಿಯಲ್ಲಿ. ತಮಿಳರಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ಸಂಬಂಧ ಎಣಿಸುವ ಕ್ರಮ ಪ್ರಪಂಚದ ಹಲವು ಮೂಲೆಗಳಲ್ಲಿ ತಾನಾಗಿಯೇ ಬೆಳೆದಿದೆ ಎಂದು ಆಮೇಲೆ ಗೊತ್ತಾಯಿತು. ಅಣ್ಣತಮ್ಮಂದಿರು ಒಟ್ಟಿಗೆ ಬಾಳುವ ಕಡೆ, ಅಪ್ಪ ಇಲ್ಲದಾಗ ಅವನ ತಮ್ಮ ಜವಾಬ್ದಾರಿ ಹೊರುವ ಕಡೆ, ‘ಚಿಕ್ಕ ಅಪ್ಪ’ ಎಂಬುದು ಯಾರಿಗಾದರೂ ಹೊಳೆಯಬಹುದಾದ ಹೆಸರು.

ಹೊಂದದೇ ಇರುವುದೂ ಇದೆ. ಕನ್ನಡದಲ್ಲಿ ‘ಮಾವ’ ಅಂದರೆ ತಾಯಿಯ ತಮ್ಮನೂ ಹೌದು, ಗಂಡನ ಅಥವಾ ಹೆಂಡತಿಯ ತಂದೆಯೂ ಹೌದು. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿಯಿದ್ದ ಸಮಾಜದಲ್ಲಿ ಇಬ್ಬರೂ ಒಬ್ಬರೇ ಆಗುತ್ತಿದ್ದರು. ಜುಲು ಜನರಲ್ಲಿ ಮಲುಮೆಯ ಮಗಳನ್ನು ಮದುವೆಯಾಗುವಂತಿಲ್ಲ, ಅದು ನಿಷಿದ್ಧ. ಹಾಗಾಗಿ ಗಂಡನ ತಂದೆಗೆ ‘ಉಬಾಬೆಜಾಲಾ’ ಎಂಬ ಬೇರೆಯೇ ಪದ. ಗಂಡು ತಾಯಿಯ ಮಗಳು ಒಂದು ಲೆಕ್ಕದಲ್ಲಿ ತಂಗಿಯೇ ತಾನೇ?

ನಿಜವಾದ ನಂಟು ಇರುವುದು ಬೇರೆ ಕಡೆ

ಭಾರತಕ್ಕೂ ಪೂರ್ವ ಆಫ್ರಿಕಾಕ್ಕೂ ಸಂಬಂಧವೇ ಇಲ್ಲ ಎಂದು ಇದರ ಅರ್ಥವಲ್ಲ. ಸ್ವಾಹಿಲಿಯಲ್ಲಿ ದುಡ್ಡಿಗೆ ‘ಪೇಸಾ’, ವಾಹನಕ್ಕೆ ‘ಗಾರಿ’, ವಿಮೆಗೆ ‘ಬೀಮಾ’, ಲಕ್ಷಕ್ಕೆ ‘ಲಾಕಿ’, ಚಪಾತಿಗೆ ಚಪಾತಿಯೇ. ಇವು ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ, ಮುಖ್ಯವಾಗಿ ಗುಜರಾತಿ ಮತ್ತು ಹಿಂದಿ ಆಡುವವರಿಂದ ಹೋದವು. ಎರಡು ಜನಾಂಗಗಳು ಅಂಗಡಿಯಲ್ಲಿ, ಬಂದರಿನಲ್ಲಿ ಎದುರಾದಾಗ ಪದಗಳು ಹೀಗೆ ದಾಟುತ್ತವೆ. ಸಾಮಾನಿನ ಜೊತೆ ಸಾಮಾನಿನ ಹೆಸರು. ಇದನ್ನು ನೋಡಿ ಸ್ವಾಹಿಲಿ ಗುಜರಾತಿಯಿಂದ ಹುಟ್ಟಿತು ಎಂದರೆ, ‘ಬಸ್ಸು’, ‘ಪೆನ್ನು’ ನೋಡಿ ಕನ್ನಡ ಇಂಗ್ಲಿಷಿನಿಂದ ಹುಟ್ಟಿತು ಎಂದಂತೆ.

ಕರ್ನಾಟಕದಲ್ಲೇ ಇರುವ ನಂಟಂತೂ ಇನ್ನೂ ಗಟ್ಟಿ, ಆದರೆ ಫಾರ್ವರ್ಡ್‌ಗಳಲ್ಲಿ ಅದು ಬರುವುದಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚಿನ ಹಳ್ಳಿಗಳಲ್ಲಿ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಇರುವ ಸಿದ್ದಿ ಜನರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಭಾಗವಹಿಸಿ 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದಲ್ಲಿ ಸಿದ್ದಿಗಳ ಮೂಲ ಬಾಂಟು ಭಾಷೆ ಆಡುವ ಜನರ ಜೊತೆ ಸೇರುತ್ತದೆ ಎಂದು ಕಂಡುಬಂತು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು.

ಮಲುಮೆಯಂಥ ಪದಗಳನ್ನು ಆಡುತ್ತಿದ್ದವರ ವಂಶದವರು ನಮ್ಮ ನಡುವೆ ಇದ್ದಾರೆ ಅಂತಾಯಿತು. ಅವರ ಇಂದಿನ ಮಾತು ಕನ್ನಡ, ಕೊಂಕಣಿ, ಮರಾಠಿ, ಉರ್ದು. ಬೇರೆ ಬೇರೆ ಕಡೆಯಿಂದ ಹಿಡಿದು ತಂದ ಜನರನ್ನು ಮನೆಮನೆಗೆ ಹಂಚಿದಾಗ ಹಳೆಯ ಭಾಷೆ ಉಳಿಯುವುದು ಸುಲಭವಲ್ಲ. ರಕ್ತ ಬಾಂಟು ನಾಡಿನದು, ಮಾತು ಇಲ್ಲಿಯದು. ಫಾರ್ವರ್ಡ್ ಹೇಳುವುದು ಇದಕ್ಕೆ ತದ್ವಿರುದ್ಧ: ಕಡಲಾಚೆಯ ಅಪರಿಚಿತರನ್ನು ಎರಡು ಪದ ತೋರಿಸಿ “ನಮ್ಮವರು” ಅನ್ನುತ್ತದೆ. ಇತ್ತ ನಾಲ್ಕೈದು ತಲೆಮಾರಿಗೂ ಹಿಂದಿನಿಂದ ಇಲ್ಲೇ ಇದ್ದು ಕನ್ನಡ ಆಡುವ ಸಿದ್ದಿ ಹುಡುಗನನ್ನು ಬೆಂಗಳೂರಿನ ಬಸ್ಸಿನಲ್ಲಿ “ಯಾವ ದೇಶ?” ಎಂದು ಇಂಗ್ಲಿಷಿನಲ್ಲಿ ಕೇಳುವವರಿದ್ದಾರೆ. ಕೇಳುವವರು ಇಂಥ ಫಾರ್ವರ್ಡ್ ಕಳಿಸುವವರೂ ಆಗಿರಬಹುದು.

ಇನ್ನು ಮುಂದೆ ಇಂಥ ಮೆಸೇಜ್ ಬಂದರೆ ಪದಗಳು ನಿಜವೇ ಎಂದು ಹುಡುಕುತ್ತಾ ಕೂರಬೇಡಿ, ಅವು ಬಹುತೇಕ ನಿಜವೇ ಇರುತ್ತವೆ. ಬದಲಿಗೆ ಇಷ್ಟು ನೋಡಿ: ಹೋಲಿಕೆ ಇರುವುದು ಮಗು ಸುಲಭವಾಗಿ ಆಡುವ ಸದ್ದುಗಳಲ್ಲೇ? ಕೈ, ನೀರು, ಎರಡು, ಮೂರು, ಮಲಗು, ತಿನ್ನು ಇಂಥ ದಿನಬಳಕೆಯ ಪದಗಳೂ ಒಂದು ಲೆಕ್ಕದ ಪ್ರಕಾರ ಹೊಂದುತ್ತವೆಯೇ? ಜುಲುವಿನ ‘ಬಿಲಿ’ಗೂ ನಮ್ಮ ‘ಎರಡು’ಗೂ, ‘ಲಾಲಾ’ಗೂ ‘ಮಲಗು’ಗೂ ಎಲ್ಲಿಯ ಹ್ಯಾಂಡ್‌ಶೇಕ್?

ಗ್ರೂಪಿನಲ್ಲಿ ನಾನು ಇಷ್ಟೆಲ್ಲ ಬರೆಯಲಿಲ್ಲ. “ಮಾವ, ಪದ ಎಲ್ಲಾ ಸರಿ, ಹುಟ್ಟಿದ್ದು ಮಾತ್ರ ಕನ್ನಡದಿಂದ ಅಲ್ಲ. ಮಲುಮೆ ಅಂದ್ರೆ ಗಂಡು ಅಮ್ಮ ಅಂತೆ. ಸೋದರಳಿಯ ಹೋಗಿ ಮಾವನ ತಟ್ಟೆ ಊಟ ತಿಂದ್ರೂ ಬೈಯೋ ಹಾಗಿಲ್ವಂತೆ” ಎಂದು ಹಾಕಿದೆ. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಮಾವನಿಂದ ಒಂದು ಸಾಲು ಬಂತು: “ಇದನ್ನ ನಮ್ಮನೇಲಿ ನೀನು ಚಿಕ್ಕಂದಿನಿಂದ ಮಾಡ್ತಾ ಬಂದಿದೀಯ, ಅದಕ್ಕೆ ಆಫ್ರಿಕಾ ಯಾಕೆ ಬೇಕು.”